ಬಣ್ಣ ಹಚ್ಚದೆ ಓದುವ ಬೆಳಕು

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ನೀರನ್ನೂ, ಊಟವಾದ ಬಳಿಕ ಎಲೆಯಡಿಕೆಯ ತಟ್ಟೆಯನ್ನೂ ಮುಂದಿಡುವುದು ಹಿಂದಿನಿಂದ ನಡೆದುಬಂದ ಮರ್ಯಾದೆಯಾಗಿರುವುದು. ಆ ತಟ್ಟೆಗೆ ಹೊಗೆಸೊಪ್ಪು ಬಂದು ಸೇರಿದುದು ತರುವಾಯದ ಮಾತು. ಅದು ಪೋರ್ಚುಗೀಸರ ಹಡಗಿನೊಡನೆ ಬಂದ ವಸ್ತು. ಈಚೆಗೆ ತಟ್ಟೆಯೇ ಮಾಯವಾಗಿ, ಅಂಗಡಿಯಲ್ಲಿ ತೋರಣದಂತೆ ನೇತುಬಿದ್ದಿರುವ ಚೀಟುಗಳೇ ಅದರ ಸ್ಥಾನವನ್ನು ಆಕ್ರಮಿಸಿವೆ. ಗುಟ್ಕಾ ಮಾರಾಟವನ್ನು ನಮ್ಮ ಸರ್ಕಾರವು ೨೦೧೩ರಲ್ಲಿ ನಿಷೇಧಿಸಿತಾದರೂ, ಅಡಿಕೆಪುಡಿಯ ಚೀಟು ಬೇರೆ, ಹೊಗೆಸೊಪ್ಪಿನ ಚೀಟು ಬೇರೆಯಾಗಿ ಮಾರಿ, ಕೊಂಡವನು ಅಂಗೈಯಲ್ಲಿ ಕೂಡಿಸಿಕೊಳ್ಳುವ ಉಪಾಯವನ್ನು ವ್ಯಾಪಾರಿಗಳು ಕಂಡುಕೊಂಡರು.

ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಭಾವನವರು ನಲವತ್ತು ವರ್ಷ ಈ ಅಭ್ಯಾಸವನ್ನು ತಪ್ಪದೆ ನಡೆಸಿದವರು. ಹೋದ ವರ್ಷ ಸುಗ್ಗಿಯ ಹೊತ್ತಿಗೆ ಅವರಿಗೆ ಖಾರ ತಿಂದರೆ ಬಾಯುರಿ ತಡೆಯದಾಯಿತು. ಎಡಗೆನ್ನೆಯ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಳಿಯ ಮಚ್ಚೆಯಿದ್ದಿತು. ಅಕ್ಕನ ಒತ್ತಾಯಕ್ಕೆ ನಾನೇ ಅವರನ್ನು ಕರೆದುಕೊಂಡು ದೊಡ್ಡ ಊರೊಂದರ ಆಸ್ಪತ್ರೆಗೆ ಹೋದೆನು. ಅಲ್ಲಿಯ ವೈದ್ಯರು ಮಚ್ಚೆಯ ಅಂಚಿನಿಂದ ಒಂದು ಚೂರನ್ನು ಕತ್ತರಿಸಿ ತೆಗೆದು, ಪರೀಕ್ಷೆಗೆ ಕಳುಹಿಸಿದರು. ಹನ್ನೆರಡು ದಿನ ಕಾದೆವು. ಆ ಹನ್ನೆರಡು ದಿನ ನಮ್ಮ ಅಕ್ಕನು ದೇವರ ಮುಂದಿನ ದೀಪವನ್ನು ಆರಗೊಡಲಿಲ್ಲ. ಹದಿಮೂರನೆಯ ದಿನ ಬಂದ ಕಾಗದದಲ್ಲಿ, ಕಳುಹಿಸಿದ ಚೂರು ಸಾಲದು, ಮತ್ತೊಮ್ಮೆ ತೆಗೆದು ಕಳುಹಿಸತಕ್ಕದ್ದು ಎಂದಿದ್ದಿತು!

ಹಿಂದಿರುಗುವಾಗ ಬಸ್ಸಿನಲ್ಲಿ ಭಾವನವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, "ಮಾಸ್ತರೆ, ನೀವು ಓದಿದೋರು. ಬಾಯಾಗಿಂದು ಬಾಯಾಗೇ ನೋಡಿ ಹೇಳೋ ಯಂತ್ರ ಇಲ್ಲೇನ್ರಿ? ಕೊಯ್ಯೋದು, ಕಾಯೋದು, ಮತ್ತ ಕೊಯ್ಯೋದು" ಎಂದರು. ಸಂಸ್ಕೃತ ಪಂಡಿತನಾಗಿ ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ ಆ ಪ್ರಶ್ನೆಗೆ ಆಗ ಉತ್ತರ ಹೊಳೆಯಲಿಲ್ಲ. ನಿವೃತ್ತನಾದವನಿಗೆ ಹೊತ್ತು ಬೇಕಾದಷ್ಟಿರುವುದಷ್ಟೆ. ವಿಜ್ಞಾನ ಬೋಧಿಸುತ್ತಿದ್ದ ಹಳೆಯ ಸಹೋದ್ಯೋಗಿಗಳನ್ನು ಕಾಡಿ, ಕೈಗೆ ಸಿಕ್ಕುದನ್ನೆಲ್ಲ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿರುವೆನು.

ಮೊದಲು, ಆ ಹನ್ನೆರಡು ದಿನ ಏನಾಗುವುದೆಂಬುದನ್ನು ನೋಡೋಣ. ಕತ್ತರಿಸಿದ ಮಾಂಸದ ಚೂರನ್ನು ಕೊಳೆಯದಂತೆ ಫಾರ್ಮಲಿನ್ನಿನಲ್ಲಿ ನೆನೆಹಾಕುವರು. ತರುವಾಯ ಅದರೊಳಗಿನ ನೀರನ್ನು ಮದ್ಯಸಾರದಿಂದ ಹೊರಡಿಸಿ, ಕರಗಿದ ಮೇಣವನ್ನು ತುಂಬಿ ಅಚ್ಚು ಮಾಡುವರು. ಆ ಅಚ್ಚನ್ನು ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಹಾಳೆಗಳಾಗಿ ಕೊಯ್ದು ಗಾಜಿನ ಮೇಲೆ ಹರಡುವರು. ಇಷ್ಟಾದರೂ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬಹು ಸ್ವಲ್ಪ. ಏಕೆಂದರೆ ನಮ್ಮ ದೇಹದ ಜೀವಕೋಶಗಳು ಬಹುಮಟ್ಟಿಗೆ ನೀರಿನಂತೆ ಪಾರದರ್ಶಕವಾದವು. ಆದುದರಿಂದ ಬಣ್ಣ ಹಾಕಬೇಕು. ಹೆಮಟಾಕ್ಸಿಲಿನ್ ಎಂಬ, ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವ ಬಣ್ಣವು ಕೋಶಕೇಂದ್ರಗಳನ್ನು ನೀಲಿ ಮಾಡುವುದು. ಇಯೊಸಿನ್ ಎಂಬುದು ಉಳಿದುದನ್ನು ಗುಲಾಬಿ ಮಾಡುವುದು. ನುರಿತ ವೈದ್ಯರು ಆ ನೀಲಿ ಗುಲಾಬಿಗಳ ವಿನ್ಯಾಸವನ್ನು ನೋಡಿ ಇದು ರೋಗ, ಇದು ಅಲ್ಲ ಎಂದು ನಿರ್ಣಯಿಸುವರು. ನೂರು ವರ್ಷಕ್ಕೂ ಹೆಚ್ಚು ಕಾಲ ಲೋಕವನ್ನೆಲ್ಲ ಕಾಪಾಡಿದ ವಿಧಾನವಿದು. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಇಲ್ಲಿ ವೈದ್ಯರು ನೋಡುವುದು ಬಣ್ಣವನ್ನು. ಬಣ್ಣವು ಹತ್ತಿಕೊಂಡ ವಸ್ತುವನ್ನು ಆ ಬಣ್ಣದಿಂದ ಊಹಿಸುವರು.

ವೇದಾಂತ ಓದಿದವರಿಗೆ ಇದು ಹೊಸ ವಿಚಾರವಲ್ಲ. ದೇವದತ್ತನ ಮನೆ ಯಾವುದೆಂದು ಕೇಳಿದರೆ, ಅಗೋ ಕಾಗೆ ಕುಳಿತಿದೆಯಲ್ಲ, ಆ ಮನೆ ಎಂದು ತೋರಿಸುವುದು ತಟಸ್ಥಲಕ್ಷಣ. ಕಾಗೆ ಮನೆಯ ಭಾಗವಲ್ಲ. ಹಾರಿಹೋದರೆ ಗುರುತೂ ಹೋಯಿತು. ಮನೆಯ ಸ್ವಂತ ಕಟ್ಟಡವನ್ನೇ ವರ್ಣಿಸಿ ಗುರುತು ಹಿಡಿಸುವುದು ಸ್ವರೂಪಲಕ್ಷಣ. ಪ್ರಯೋಗಶಾಲೆಯ ಬಣ್ಣವು ಕಾಗೆಯಿದ್ದಂತೆ. ಬಣ್ಣವಿಲ್ಲದೆ, ಮಾಂಸದೊಳಗಿನ ಕೊಬ್ಬು ಪ್ರೋಟೀನು ಮೊದಲಾದವುಗಳನ್ನು ಅವುಗಳ ಸ್ವರೂಪದಿಂದಲೇ ಗುರುತಿಸುವ ಬಗೆಯುಂಟೆ? ಉಂಟು. ಇಂಗ್ಲಿಷರು ಇದಕ್ಕೆ ಚೀಟಿ ಅಂಟಿಸದ ಚಿತ್ರಣವೆಂಬರ್ಥದ ಹೆಸರನ್ನಿಟ್ಟಿರುವರು. ಅಡಿಗೆಮನೆಯ ಡಬ್ಬಗಳಿಗೆ ಹೊಸ ಸೊಸೆಯು ಚೀಟಿ ಅಂಟಿಸುವಳು. ಅತ್ತೆಯು ಮುಚ್ಚಳ ತೆಗೆದು ಮೂಗಿನ ಬಳಿ ಹಿಡಿದರೆ ಸಾಕು, ಜೀರಿಗೆ ಯಾವುದು ಸೋಂಪು ಯಾವುದು ಎಂಬುದು ಗೊತ್ತಾಗುವುದು. ಹಡಗಲಿಯ ಮಲ್ಲಿಗೆಗೆ ಕತ್ತಲೆಯಲ್ಲಿ ಚೀಟಿ ಬೇಕೆ?

ಅಣುವಿನ ಪರಿಮಳವೆಂದರೆ ಅದರ ಕಂಪನ. ಅಣುವೆಂಬುದು ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಗುಂಪು. ಆ ಹಿಡಿತವು ಕಬ್ಬಿಣದ ಸಲಾಕೆಯಂತೆ ಬಿಗಿಯಾಗಿರದೆ ಸ್ಪ್ರಿಂಗಿನಂತೆ ಎಳೆದಾಡುವಂಥದು. ಭಾರ ಎಷ್ಟು, ಸ್ಪ್ರಿಂಗು ಎಷ್ಟು ಬಿಗಿ ಎಂಬುದನ್ನು ಅನುಸರಿಸಿ ಪ್ರತಿಯೊಂದು ಬಂಧವೂ ತನ್ನದೇ ಆದ ವೇಗದಲ್ಲಿ ಕಂಪಿಸುತ್ತಿರುವುದು. ಕೊಬ್ಬಿನ ಅಣುವಿನಲ್ಲಿ ಒಂದು ಇಂಗಾಲಕ್ಕೆ ಎರಡು ಜಲಜನಕಗಳು ಅಂಟಿಕೊಂಡ ಕೊಂಡಿಗಳು ಉದ್ದವಾಗಿ ಸಾಲುಗಟ್ಟಿರುವುವು. ಆ ಕೊಂಡಿಯು ಸೆಕೆಂಡಿಗೆ ಸುಮಾರು ೮೫ ಲಕ್ಷ ಕೋಟಿ ಸಲ ಕಂಪಿಸುವುದು. ಪ್ರೋಟೀನಿನಲ್ಲಿ ಹೆಚ್ಚಾಗಿರುವ, ಮೂರು ಜಲಜನಕಗಳ ಕೊಂಡಿಯು ಅದಕ್ಕಿಂತ ಸ್ವಲ್ಪ ಚುರುಕು. ವೀಣೆಯ ತಂತಿಗಳಲ್ಲಿ ಒಂದು ಶ್ರುತಿಯಷ್ಟೇ ಅಂತರವಿದ್ದಂತೆ. ಆದರೆ ಕಿವಿಯಿದ್ದವನಿಗೆ ಅಷ್ಟು ಸಾಕು.

ಈ ಶ್ರುತಿಯನ್ನು ಬೆಳಕಿನಿಂದ ಕೇಳಬಹುದೆಂದು ತೋರಿಸಿದವರು ಸರ್ ಸಿ. ವಿ. ರಾಮನ್. ನಮ್ಮ ಬಳ್ಳಾರಿ ಸೀಮೆಯು ೧೯೫೩ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ತಿರುಚಿನಾಪಳ್ಳಿಯಲ್ಲಿ ೧೮೮೮ರಲ್ಲಿ ಜನಿಸಿದ ಆ ಮಹನೀಯರು ಆ ಲೆಕ್ಕದಿಂದ ನಮ್ಮ ಪ್ರಾಂತದವರೇ ಎಂದು ನಮ್ಮ ಉಪಾಧ್ಯಾಯರೊಬ್ಬರು ಅಭಿಮಾನದಿಂದ ಹೇಳುತ್ತಿದ್ದರು. ಕಲ್ಕತ್ತೆಯಲ್ಲಿ ೧೯೨೮ನೆಯ ಫೆಬ್ರವರಿ ೨೮ರಂದು ಸಿದ್ಧವಾದ ಆ ಶೋಧನೆಯಲ್ಲಿ ಕೆ. ಎಸ್. ಕೃಷ್ಣನ್ ಅವರು ಜೊತೆಗಿದ್ದರು. ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಕೂಡಿಸಿ, ನೇರಿಳೆ ಗಾಜಿನಲ್ಲಿ ಹಾಯಿಸಿ, ಶುದ್ಧವಾದ ದ್ರವದೊಳಕ್ಕೆ ಬಿಟ್ಟರು. ನೇರಿಳೆಯನ್ನು ಪೂರ್ತಿಯಾಗಿ ತಡೆಯುವ ಹಸುರು ಗಾಜನ್ನು ಕಣ್ಣಿಗೆ ಹಿಡಿದರೆ ಕತ್ತಲೆ ಕಾಣಬೇಕಷ್ಟೆ. ಆದರೆ ಮಂದವಾದ ಬೆಳಕು ಕಂಡಿತು. ಎಂದರೆ, ದ್ರವದೊಳಗೆ ಬೆಳಕಿನ ಬಣ್ಣ ಬದಲಾಗಿದ್ದಿತು! ಅಣುವಿಗೆ ತಗುಲಿ ಚದುರಿದ ಬೆಳಕಿನ ಕಣವು ಅದರ ಕಂಪನಕ್ಕೆ ಬೇಕಾದಷ್ಟು ಶಕ್ತಿಯನ್ನು ಸುಂಕದಂತೆ ತೆತ್ತು, ಅಷ್ಟು ಕಡಿಮೆಯಾಗಿ ಹೊರಬರುವುದು. ಎಷ್ಟು ಸುಂಕ ತೆತ್ತಿತೆಂಬುದನ್ನು ಅಳೆದರೆ ಯಾವ ಅಣುವಿನ ಗಡಿಯನ್ನು ದಾಟಿ ಬಂದಿತೆಂಬುದು ತಿಳಿಯುವುದು. ಸುಮಾರು ೬೦ ದ್ರವಗಳಲ್ಲಿ ಇದನ್ನು ನೋಡಿ, ಅದೇ ಮಾರ್ಚ್ ೧೬ರಂದು ರಾಮನ್ನರು ಈ ಹೊಸ ಬೆಳಕಿನ ವಿಷಯವನ್ನು ವಿಸ್ತಾರವಾಗಿ ಉಪನ್ಯಾಸ ಮಾಡಿದುದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತದ ವಿಜ್ಞಾನ ಸಂಘದ ಸಭೆಯಲ್ಲಿ ಎಂಬುದನ್ನು ಕನ್ನಡಿಗರು ನೆನೆಯಬೇಕು. ೧೯೩೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೩೩ರಲ್ಲಿ ಬೆಂಗಳೂರಿಗೆ ಬಂದವರು ೧೯೭೦ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ನೆಲೆಸಿದರು.

ಹಾಗಾದರೆ ೧೯೨೮ರಲ್ಲಿಯೇ ತಿಳಿದಿದ್ದ ಈ ವಿದ್ಯೆಯು ನಮ್ಮ ಭಾವನವರ ಕೆನ್ನೆಯವರೆಗೆ ಬರಲು ಇಷ್ಟು ಕಾಲ ಏಕಾಯಿತು? ಸಂಗತಿಯ ಮರ್ಮವೆಲ್ಲ ಇಲ್ಲಿರುವುದು. ಚದುರಿದ ಬೆಳಕಿನಲ್ಲಿ ಹೀಗೆ ಬಣ್ಣ ಬದಲಿಸುವುದು ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ. ಸೂರ್ಯನಿಂದಾಗಲಿ, ತರುವಾಯ ಬಳಸಿದ ಪಾದರಸದ ದೀಪದಿಂದಾಗಲಿ ಈ ಬೆಳಕನ್ನು ಛಾಯಾಚಿತ್ರದ ಫಲಕದಲ್ಲಿ ಹಿಡಿಯಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗಿದ್ದಿತು. ಅಣು ಹೇಳುವ ಮಾತು ನಿಜ. ಆದರೆ ಅದು ಹೇಳುವುದು ಪಿಸುಮಾತಿನಲ್ಲಿ. ಕಿವಿಯನ್ನು ತೀಕ್ಷ್ಣ ಮಾಡಿದರೆ ಸಾಲದು; ಕೇಳುವವನ ಪ್ರಶ್ನೆಯೇ ಗಟ್ಟಿಯಾಗಬೇಕು. ಆ ಗಟ್ಟಿ ಪ್ರಶ್ನೆಯೇ ಲೇಸರ್.

೧೯೬೦ನೆಯ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬವರು ಕೆಂಪು ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ಸಾಮಾನ್ಯ ದೀಪಕ್ಕೂ ಇದಕ್ಕೂ ಏನು ಭೇದವೆಂದರೆ, ಕೊಟ್ಟೂರಿನ ಜಾತ್ರೆಗೆ ಹೋಗಿ ಬಂದವರಿಗೆ ಹೇಳುವುದು ಸುಲಭ. ಬೀದಿಯ ತುಂಬ ಸಾವಿರಾರು ಜನ ತಮಗೆ ತೋಚಿದ ಕಡೆಗೆ ತಮ್ಮ ತಮ್ಮ ನಡಿಗೆಯಲ್ಲಿ ನಡೆಯುತ್ತಿರುವರು. ಇದು ದೀಪದ ಬೆಳಕು. ಅದೇ ಜನರು ತೇರಿನ ಹಗ್ಗ ಹಿಡಿದು, ಒಂದೇ ಕೂಗಿಗೆ, ಒಂದೇ ಕಡೆಗೆ, ಒಟ್ಟಿಗೆ ಹೆಜ್ಜೆ ಎಳೆದರೆ ಅಷ್ಟು ಎತ್ತರದ ರಥವೇ ಚಲಿಸುವುದು, ಇದು ಲೇಸರ್. ಬಣ್ಣ ಒಂದೇ, ದಿಕ್ಕು ಒಂದೇ, ಅಲೆಗಳ ಏರಿಳಿತ ಒಂದೇ.

ನಮ್ಮ ನಾಡಿನಲ್ಲಿಯೇ ಈ ಬೆಳಕಿನಿಂದ ಬಾಯಿಯ ಕ್ಯಾನ್ಸರನ್ನು ಓದುವ ಕೆಲಸ ನಡೆದಿರುವುದು. ಮಣಿಪಾಲದ ವಿದ್ಯಾಸಂಸ್ಥೆಯಲ್ಲಿ ವಿ. ಬಿ. ಕರ್ತಾ, ಸಿ. ಸಂತೋಷ್, ಸಿ. ಮುರಳೀಕೃಷ್ಣ ಮೊದಲಾದವರು ವೈದ್ಯರೊಡಗೂಡಿ, ಬಾಯಿಯ ಆರೋಗ್ಯವಂತ ಮಾಂಸವನ್ನೂ ರೋಗದ ಮಾಂಸವನ್ನೂ ಲೇಸರಿನಿಂದ ಪರೀಕ್ಷಿಸಿ, ೨೦೦೧ರಿಂದೀಚೆಗೆ ಲೇಖನಗಳನ್ನು ಪ್ರಕಟಿಸಿದರು. ಅವರು ಕಂಡ ಮುಖ್ಯ ಭೇದವು ಅತಿ ಸರಳವಾಗಿರುವುದು: ಆರೋಗ್ಯವಾದ ಕೆನ್ನೆಯ ಒಳಪದರದಿಂದ ಬರುವ ಬೆಳಕಿನಲ್ಲಿ ಕೊಬ್ಬಿನ ಶ್ರುತಿಗಳು ಪ್ರಬಲ, ಕ್ಯಾನ್ಸರಾದ ಮಾಂಸದಲ್ಲಿ ಪ್ರೋಟೀನಿನ ಶ್ರುತಿಗಳು ಪ್ರಬಲ. ಮುರಳೀಕೃಷ್ಣ ಅವರು ಮುಂದೆ ಟಾಟಾ ಸಂಸ್ಥೆಯ ನವಿ ಮುಂಬಯಿಯ ಖಾರ್ಘರ್ ಕೇಂದ್ರಕ್ಕೆ ಹೋಗಿ, ಗಾಜಿನ ಎಳೆಯ ಸಲಾಕೆಯನ್ನು ರೋಗಿಯ ಬಾಯೊಳಗೇ ಇರಿಸಿ, ಏನನ್ನೂ ಕತ್ತರಿಸದೆ ಓದುವ ಪ್ರಯೋಗಗಳನ್ನು ನಡೆಸಿದರು. ಎಂದರೆ ಭಾವನವರು ಬಸ್ಸಿನಲ್ಲಿ ಕೇಳಿದುದು ಹುಡುಗಾಟಿಕೆಯ ಪ್ರಶ್ನೆಯಾಗಿರಲಿಲ್ಲ.

ಈ ಕೆಲಸಗಳಲ್ಲಿ ೭೮೫ ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಂಡೂ ಕಾಣದ ಅವಕೆಂಪು ಬೆಳಕನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಮಕ್ಕಳು ಬ್ಯಾಟರಿ ದೀಪದ ಬಾಯಿಗೆ ಅಂಗೈ ಮುಚ್ಚಿ ಆಡುವುದನ್ನು ನೋಡಿರುವಿರಷ್ಟೆ. ಕೈಯನ್ನು ಹಾದುಬರುವುದು ಕೆಂಪು ಮಾತ್ರ. ನೀಲಿ ಹಸುರುಗಳನ್ನು ರಕ್ತವು ನುಂಗಿಬಿಡುವುದು. ಕೆಂಪಿನ ಆಚೆಗೆ, ಸುಮಾರು ೭೦೦ರಿಂದ ೧೩೦೦ ನ್ಯಾನೋಮೀಟರುಗಳ ನಡುವೆ, ರಕ್ತವೂ ಅಷ್ಟಾಗಿ ನುಂಗದ, ನೀರೂ ಅಷ್ಟಾಗಿ ನುಂಗದ ಒಂದು ಕಿಟಕಿ ದೇಹಕ್ಕುಂಟು. ಅದಲ್ಲದೆ, ನೀಲಿ ಹಸುರು ಬೆಳಕು ಬಿದ್ದರೆ ಅನೇಕ ವಸ್ತುಗಳು ತಾವೇ ಹೊಳೆಯತೊಡಗುವುವು. ಅರಿಸಿನವನ್ನು ಮದ್ಯಸಾರದಲ್ಲಿ ಕದಡಿ ನೀಲಿ ದೀಪ ಹಿಡಿದರೆ ಹಸುರಾಗಿ ಬೆಳಗುವುದು. ಆ ಹೊಳಪಿನ ಗದ್ದಲದಲ್ಲಿ ರಾಮನ್ ಬೆಳಕಿನ ಪಿಸುಮಾತು ಮುಳುಗಿಯೇ ಹೋಗುವುದು.

ಆದರೂ ಒಂದು ತೊಡಕು ಉಳಿಯಿತು. ಹೀಗೆ ಓದುವುದು ಒಂದು ಸಲಕ್ಕೆ ಒಂದು ಬಿಂದುವನ್ನು. ಒಂದೊಂದಕ್ಕೂ ಸುಮಾರು ಒಂದು ಸೆಕೆಂಡೋ, ಕೆಲವು ಸೆಕೆಂಡೋ ಬೇಕು. ವೈದ್ಯರಿಗೆ ಬೇಕಾದುದು ಚಿತ್ರ: ಕೋಶಗಳು ಹೇಗೆ ಸಾಲುಗಟ್ಟಿವೆ, ಎಲ್ಲಿ ಸಾಲು ಮುರಿದು ಅಡ್ಡಾದಿಡ್ಡಿಯಾಗಿವೆ ಎಂಬ ಚಿತ್ರ. ಅಗಲಕ್ಕೆ ಸಾವಿರ, ಎತ್ತರಕ್ಕೆ ಸಾವಿರ ಬಿಂದುಗಳೆಂದರೆ ಹತ್ತು ಲಕ್ಷವಾಯಿತು. ಬಿಂದುವಿಗೆ ಒಂದು ಸೆಕೆಂಡಿನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ ಹನ್ನೊಂದೂವರೆ ದಿನ! ನಮ್ಮ ಭಾವನವರು ಕಾದುದಕ್ಕಿಂತ ಅರ್ಧ ದಿನ ಮಾತ್ರ ಉಳಿಯಿತು.

ಈ ತೊಡಕನ್ನು ಬಿಡಿಸಿದ ಉಪಾಯವು ಮೊದಲು ಅಕಸ್ಮಾತ್ತಾಗಿ ಸಿಕ್ಕಿತು. ೧೯೬೨ರಲ್ಲಿ ವುಡ್‌ಬರಿ, ಇಂಗ್ ಎಂಬಿಬ್ಬರು ಮಾಣಿಕ್ಯದ ಲೇಸರಿನೊಡನೆ ಬೇರೇನೋ ಕೆಲಸ ಮಾಡುತ್ತಿದ್ದಾಗ, ತಮ್ಮ ಯಂತ್ರದಲ್ಲಿ ನೈಟ್ರೊಬೆಂಜೀನ್ ದ್ರವವಿದ್ದ ಪಾತ್ರೆಯಿಂದ ಮತ್ತೊಂದು ಬಣ್ಣದ ಲೇಸರು ಹೊರಡುತ್ತಿರುವುದನ್ನು ಕಂಡರು. ವಿಚಾರಿಸಲಾಗಿ ಅದು ರಾಮನ್ ಬೆಳಕೇ. ಆದರೆ ಪಿಸುಮಾತಲ್ಲ, ಕೂಗು. ಅಣುಗಳು ತಮಗೆ ತೋಚಿದಾಗ ಒಂದೊಂದಾಗಿ ಕಂಪಿಸುವ ಬದಲು, ಬೆಳಕಿನ ಬಲವಂತಕ್ಕೆ ಸಿಕ್ಕಿ ಎಲ್ಲವೂ ಒಟ್ಟಿಗೆ ಕಂಪಿಸಿದ್ದುವು. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ತನ್ನದೇ ಆದ ತೂಗಿನ ಕಾಲವುಂಟು. ಆ ಕಾಲಕ್ಕೆ ಸರಿಯಾಗಿ ಮೆಲ್ಲನೆ ನೂಕಿದರೂ ಅದು ಮಾವಿನ ಕೊಂಬೆಯನ್ನು ಮುಟ್ಟುವುದು. ಕಾಲ ತಪ್ಪಿ ಎಷ್ಟು ಬಲವಾಗಿ ನೂಕಿದರೂ ನೂಕಿದವನ ತೋಳಿಗೆ ನೋವು. ಸೆಕೆಂಡಿಗೆ ೮೫ ಲಕ್ಷ ಕೋಟಿ ಸಲ ನೂಕುವ ಕೈ ನಮಗೆಲ್ಲಿಂದ ಬರಬೇಕು? ಎರಡು ಲೇಸರುಗಳನ್ನು ಒಂದೇ ಬಿಂದುವಿಗೆ ಬಿಡುವುದರಿಂದ ಬರುವುದು. ಎರಡು ತಂತಿಗಳ ಶ್ರುತಿಯಲ್ಲಿ ಸ್ವಲ್ಪ ಅಂತರವಿದ್ದಾಗ ನಾದವು ಅಲೆಯಲೆಯಾಗಿ ಏರಿಳಿಯುವುದನ್ನು ತಂಬೂರಿ ಕೂಡಿಸಿದವರೆಲ್ಲ ಬಲ್ಲರು. ಹಾಗೆಯೇ, ಎರಡು ಬೆಳಕುಗಳ ವೇಗದ ಅಂತರವು ಅಣುವಿನ ಕಂಪನಕ್ಕೆ ಸರಿಹೋದರೆ, ಆ ಏರಿಳಿತವೇ ಅಣುವನ್ನು ಜೋಕಾಲಿಯಂತೆ ತೂಗುವುದು. ೭೯೦ ನ್ಯಾನೋಮೀಟರಿನ ಒಂದು, ೧೦೨೦ ನ್ಯಾನೋಮೀಟರಿನ ಇನ್ನೊಂದು, ಇವೆರಡೂ ಕೂಡಿದರೆ ಕೊಬ್ಬಿನ ಶ್ರುತಿಗೆ ಸರಿಯಾಗುವುದು. ಮೊದಲನೆಯದನ್ನು ನಾಲ್ಕೈದು ನ್ಯಾನೋಮೀಟರ್ ಕೆಳಗಿಳಿಸಿದರೆ ಪ್ರೋಟೀನು ಮಾತಾಡುವುದು. ಆಗ ಮೊದಲನೆಯ ಕಿರಣವು ಸ್ವಲ್ಪ ಕುಗ್ಗಿ, ಎರಡನೆಯದು ಅಷ್ಟೇ ಹಿಗ್ಗುವುದು. ಎಲ್ಲಿ ಎಷ್ಟು ಕುಗ್ಗಿತೆಂದು ಬಿಂದುಬಿಂದುವಾಗಿ ಗುರುತು ಹಾಕುತ್ತ ಹೋದರೆ ಬಣ್ಣ ಹಚ್ಚದ ಚಿತ್ರ ಸಿದ್ಧ. ಇದೇ ಬಗೆಯ ಇನ್ನೊಂದು ಉಪಾಯವು ೧೯೮೨ರಲ್ಲಿ ಸೂಕ್ಷ್ಮದರ್ಶಕಕ್ಕೆ ಬಂದು, ೧೯೯೯ರಲ್ಲಿ ಸುಧಾರಿಸಿತು. ನಾನು ಹೇಳಿದ ಈ ಕುಗ್ಗು ಹಿಗ್ಗುಗಳ ವಿಧಾನದಿಂದ ಅಂಗಾಂಶಗಳ ಚಿತ್ರವನ್ನು ತೆಗೆದು ೨೦೦೮ರಲ್ಲಿ ಪ್ರಕಟಿಸಿದವರು ಅಮೆರಿಕದ ಹಾರ್ವರ್ಡಿನಲ್ಲಿದ್ದ ಸನ್ನಿ ಷೀ ಅವರ ಬಳಗದವರು.

ಹೇಳುವಷ್ಟು ಸುಲಭವಾದುದೇನೂ ಇದಲ್ಲ. ಈ ಎರಡು ಬೆಳಕುಗಳನ್ನು ಹುಟ್ಟಿಸುವುದರಲ್ಲಿಯೇ ಇರುವುದು ಕಷ್ಟವೆಲ್ಲ. ಬೆಳಕು ಬಲವಾಗಿದ್ದರೆ ತಾನೆ ಅಣು ತೂಗುವುದು? ಆದರೆ ಬಲವಾದ ಬೆಳಕನ್ನು ಒಂದೇ ಸಮನೆ ಬಿಟ್ಟರೆ ಮಾಂಸ ಸುಟ್ಟುಹೋಗುವುದು. ಆದುದರಿಂದ ಬೆಳಕನ್ನು ಮಿಡಿತಗಳಾಗಿ ಕತ್ತರಿಸಿ ಬಿಡುವರು. ಒಂದೊಂದು ಮಿಡಿತವು ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಐದು ಪಾಲಿನಷ್ಟು ಕಾಲ ಮಾತ್ರ ಉರಿಯುವುದೆಂದೂ, ಸೆಕೆಂಡಿಗೆ ೮ ಕೋಟಿ ಮಿಡಿತಗಳೆಂದೂ ಇಟ್ಟುಕೊಳ್ಳಿರಿ. ಒಟ್ಟು ಕಾಲದಲ್ಲಿ ಎರಡೂವರೆ ಸಾವಿರದ ಒಂದು ಪಾಲು ಹೊತ್ತು ಮಾತ್ರ ಬೆಳಕು; ಉಳಿದುದೆಲ್ಲ ಕತ್ತಲೆ. ಸರಾಸರಿ ೪೦ ಮಿಲಿವ್ಯಾಟಿನ ಅಲ್ಪ ಕಿರಣವು ಮಿಡಿತದ ಕ್ಷಣದಲ್ಲಿ ೧೦೦ ವ್ಯಾಟಾಗಿ ನಿಲ್ಲುವುದು. ಮಾಂಸಕ್ಕೆ ತಗಲುವ ಕಾವು ಸರಾಸರಿಯದು, ಅಣುವಿಗೆ ತಗಲುವ ಬಲ ಕ್ಷಣದ್ದು. ಹೊಲಕ್ಕೆ ಸಣ್ಣ ನೀರನ್ನು ಹರಿಯಗೊಟ್ಟರೆ ಕಾಲುವೆಯೇ ಕುಡಿದುಬಿಡುವುದೆಂದು ತೊಟ್ಟಿಯಲ್ಲಿ ನಿಲ್ಲಿಸಿ ಒಮ್ಮೆಗೇ ಬಿಡುವ ರೈತನ ಉಪಾಯವೇ ಇದು.

ಮಿಡಿತ ಮಾಡಿದುದರಿಂದ ಮತ್ತೊಂದು ಕಷ್ಟ ಹುಟ್ಟಿತು. ಎರಡು ಲೇಸರುಗಳ ಮಿಡಿತಗಳೂ ಒಂದೇ ಕ್ಷಣದಲ್ಲಿ ಬಂದು ಸೇರಬೇಕು. ಅಷ್ಟು ಕಿರಿದಾದ ಕಾಲದಲ್ಲಿ ಬೆಳಕು ನಡೆಯುವುದು ಒಂದೂವರೆ ಮಿಲಿಮೀಟರ್ ದೂರ ಮಾತ್ರ. ಒಂದರ ದಾರಿ ಇನ್ನೊಂದರ ದಾರಿಗಿಂತ ಅಷ್ಟು ಉದ್ದವಾದರೂ ಸಾಕು, ಒಂದು ಬರುವ ಹೊತ್ತಿಗೆ ಇನ್ನೊಂದು ಹೊರಟುಹೋಗಿರುವುದು, ಅಣು ಅಲುಗದು. ಸಾಲದುದಕ್ಕೆ, ಕಿರಣ ಕುಗ್ಗುವ ಪ್ರಮಾಣವು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅನೇಕ ವೇಳೆ ಹತ್ತು ಲಕ್ಷದಲ್ಲಿ ಒಂದು. ಲೇಸರು ತಾನೇ ಅದಕ್ಕಿಂತ ಹೆಚ್ಚು ಮಿಣುಕುತ್ತಿದ್ದರೆ ಅಣುವಿನ ಮಾತನ್ನು ಪ್ರತ್ಯೇಕಿಸುವುದು ಹೇಗೆ? ಅದಕ್ಕಾಗಿ ಒಂದು ಕಿರಣವನ್ನು ಸೆಕೆಂಡಿಗೆ ಒಂದು ಕೋಟಿ ಸಲದಷ್ಟು ವೇಗದ ತಾಳಕ್ಕೆ ಹೊತ್ತಿಸಿ ಆರಿಸುತ್ತ, ಇನ್ನೊಂದರಲ್ಲಿ ಅದೇ ತಾಳಕ್ಕೆ ಆಗುವ ಏರುಪೇರನ್ನು ಮಾತ್ರ ಆರಿಸಿ ಕೇಳುವರು. ಜಾತ್ರೆಯ ಗದ್ದಲದಲ್ಲಿ ನಮ್ಮ ಊರಿನ ಸಮಾಳದ ಪೆಟ್ಟನ್ನು ನಮ್ಮ ಕಿವಿಯು ಹುಡುಕಿಕೊಳ್ಳುವುದಿಲ್ಲವೆ?

ಇವೆಲ್ಲವನ್ನೂ ಪೂರೈಸುವ ಲೇಸರುಗಳು ಇರಲಿಲ್ಲವೆಂದಲ್ಲ. ಇದ್ದುವು, ಆದರೆ ಅವು ಒಂದು ಕೋಣೆಯನ್ನೇ ಆಕ್ರಮಿಸುವಂಥವು. ಅಲುಗದಂತೆ ಗಾಳಿಯ ಮೇಲೆ ತೇಲಿಸಿದ ಭಾರಿ ಮೇಜು, ಅದರ ಮೇಲೆ ಹತ್ತಾರು ಕನ್ನಡಿಗಳು, ಧೂಳಿಲ್ಲದ ಗಾಳಿ, ಹಗಲಿರುಳು ಒಂದೇ ಹದದ ತಂಪು, ಕನ್ನಡಿ ಕೂದಲೆಳೆಯಷ್ಟು ಓರೆಯಾದರೆ ಸರಿಪಡಿಸಲು ಒಬ್ಬ ಪಂಡಿತ. ಕಡುಬೇಸಗೆಯ ಧಗೆ, ಕೆಂಪು ಧೂಳು, ಹೇಳದೆ ಕೇಳದೆ ಹೋಗುವ ಕರೆಂಟು ಇವುಗಳ ನಡುವೆ ಹಗರಿಬೊಮ್ಮನಹಳ್ಳಿಯಲ್ಲಿ ಅಂಥದೊಂದನ್ನು ಸ್ಥಾಪಿಸುವ ಮಾತನ್ನು ಊಹಿಸಿ ನೋಡಿರಿ! ಅಮೆರಿಕದ ಶಸ್ತ್ರಚಿಕಿತ್ಸೆಯ ಕೋಣೆಗೂ ಅದು ಹೊಂದುವಂತಿರಲಿಲ್ಲ.

ದಾರಿ ತೋರಿಸಿದುದು ಟೆಲಿಫೋನಿನವರ ಗಾಜಿನ ಎಳೆ. ಊರೂರಿಗೆ ನೆಲದೊಳಗೆ ಹೂತಿರುವ ಆ ಎಳೆಯಲ್ಲಿ ಅರ್ಬಿಯಂ ಎಂಬ ಧಾತುವನ್ನು ಬೆರೆಸಿದರೆ ಎಳೆಯೇ ಲೇಸರಾಗುವುದು. ಬೆಳಕು ಗಾಜಿನೊಳಗೇ ಸುತ್ತುವುದರಿಂದ ಕನ್ನಡಿಯ ಓರೆಯೆಂಬುದಿಲ್ಲ, ಧೂಳಿನ ಭಯವಿಲ್ಲ. ೨೦೧೪ರಲ್ಲಿ ಕ್ರಿಶ್ಚಿಯನ್ ಫ್ರೂಡಿಗರ್ ಮೊದಲಾದವರು ಇಂಥ ಎಳೆಯ ಒಂದೇ ಲೇಸರಿನಿಂದ ಎರಡೂ ಬಣ್ಣಗಳನ್ನು ಪಡೆಯುವ ಯಂತ್ರವನ್ನು ಪ್ರಕಟಿಸಿದರು. ಒಂದು ಪಾಲನ್ನು ಹರಳಿನಲ್ಲಿ ಹಾಯಿಸಿ ಅಲೆಯುದ್ದವನ್ನು ಅರ್ಧಕ್ಕಿಳಿಸಿದರು. ಇನ್ನೊಂದು ಪಾಲಿನ ಬಣ್ಣವನ್ನು ಮತ್ತೊಂದು ಎಳೆಯಲ್ಲಿ ಬದಲಿಸಿ, ಇಟರ್ಬಿಯಂ ಬೆರೆಸಿದ ಎಳೆಯಲ್ಲಿ ಬಲಪಡಿಸಿದರು. ಒಂದೇ ತಾಯಿಯ ಮಕ್ಕಳಾದುದರಿಂದ ಎರಡೂ ಹೆಜ್ಜೆ ತಪ್ಪುವ ಪ್ರಮೇಯವೇ ಇಲ್ಲ. ಎಳೆಯ ಲೇಸರು ಸ್ವಭಾವತಃ ಸ್ವಲ್ಪ ಹೆಚ್ಚು ಮಿಣುಕುವುದಾದರೂ, ಕಿರಣದ ಒಂದು ಕವಲನ್ನು ಮಾಂಸಕ್ಕೆ ತಾಗಿಸದೆ ತಂದು, ತಕ್ಕಡಿಯಲ್ಲಿ ಬೊಡ್ಡೆ ಕಟ್ಟುವಂತೆ ಎರಡನ್ನೂ ಕಳೆದು ನೋಡುವುದರಿಂದ ಆ ಮಿಣುಕು ವಜಾ ಆಗುವುದು.

ಈ ಯಂತ್ರವು ಗಾಲಿಯುಳ್ಳ ಪೆಟ್ಟಿಗೆಯಲ್ಲಿ ಕುಳಿತು ಶಸ್ತ್ರಚಿಕಿತ್ಸೆಯ ಕೋಣೆಯನ್ನು ಪ್ರವೇಶಿಸಿತು. ೨೦೧೭ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಮೆದುಳಿನ ಚಿಕಿತ್ಸೆಗೊಳಗಾದ ೧೦೧ ಮಂದಿಯಿಂದ ತೆಗೆದ ಹಸಿಯ ಚೂರುಗಳನ್ನು ಬಣ್ಣವಿಲ್ಲದೆ, ಮೇಣವಿಲ್ಲದೆ ಅದೇ ಕೋಣೆಯಲ್ಲಿ ಪರೀಕ್ಷಿಸಿದ ವೃತ್ತಾಂತವನ್ನು ಪ್ರಕಟಿಸಿದರು. ೨೦೨೦ರಲ್ಲಿ ೨೭೮ ರೋಗಿಗಳ ಮೇಲೆ ನಡೆದ ಮತ್ತೊಂದು ಪರೀಕ್ಷೆಯಲ್ಲಿ, ಚಿತ್ರ ತೆಗೆದು ಗಣಕಯಂತ್ರವು ಗೆಡ್ಡೆಯ ಜಾತಿ ಹೇಳುವುದಕ್ಕೆ ೧೫೦ ಸೆಕೆಂಡು ಕೂಡ ಹಿಡಿಯಲಿಲ್ಲ. ಅದರ ನಿರ್ಣಯವು ನೂರಕ್ಕೆ ೯೪.೬ರಷ್ಟು ಸರಿಯಾಗಿದ್ದಿತು, ರೂಢಿಯ ಬಣ್ಣದ ವಿಧಾನದಲ್ಲಿ ವೈದ್ಯರದು ೯೩.೯. ಒಂದು ತಮಾಷೆಯೆಂದರೆ, ಬಣ್ಣವಿಲ್ಲದೆ ತೆಗೆದ ಆ ಚಿತ್ರವನ್ನು ಪರದೆಯ ಮೇಲೆ ತೋರಿಸುವಾಗ ಯಂತ್ರವು ತಾನೇ ಅದಕ್ಕೆ ನೀಲಿ ಗುಲಾಬಿಗಳನ್ನು ಬಳಿಯುವುದು! ವೈದ್ಯರ ಕಣ್ಣಿಗೆ ಹಳೆಯ ಬಣ್ಣ ಅಷ್ಟು ರೂಢಿಯಾಗಿರುವುದು. ಕಾಗೆಯನ್ನು ಓಡಿಸಿ, ಅದರ ಚಿತ್ರವನ್ನು ಮಾಳಿಗೆಯ ಮೇಲೆ ಬರೆದಂತಾಯಿತು.

ಇದರ ಮಿತಿಗಳನ್ನು ಹೇಳದಿದ್ದರೆ ಓದುವವರಿಗೆ ಮೋಸ ಮಾಡಿದಂತಾಗುವುದು. ಈ ಬೆಳಕು ಮಾಂಸದೊಳಗೆ ಚಿತ್ರ ಬರೆಯುವಷ್ಟು ಸ್ಫುಟವಾಗಿ ಇಳಿಯುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಮಿಷಿಗನ್ನಿನಲ್ಲಿಯೂ ಚೂರನ್ನು ಕತ್ತರಿಸಿ ತೆಗೆದೇ ನೋಡಿದರು; ತಪ್ಪಿದುದು ಕಾಯುವುದು, ಕೊಯ್ಯುವುದಲ್ಲ. ಕತ್ತರಿಸದೆ ಬಾಯೊಳಗೇ ನೋಡುವ ಖಾರ್ಘರಿನ ಬಗೆಯಲ್ಲಿ ಕೊಯ್ಯುವುದು ತಪ್ಪುವುದು, ಆದರೆ ಚಿತ್ರ ಬರುವುದಿಲ್ಲ. ಗಂಟಲಿನ ಕ್ಯಾನ್ಸರಿನ ಚೂರುಗಳನ್ನು ಎರಡು ಲೇಸರುಗಳ ವಿಧಾನದಿಂದ ನೋಡಿದ ಕೆಲಸವು ೨೦೧೯ರಲ್ಲಿ ಚೀನದ ಷಾಂಘೈಯಿಂದ ಬಂದಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಶಿವ ಉಮಾಪತಿ ಅವರ ಬಳಗವು, ಪದರಗಳ ಹಿಂದೆ ಅಡಗಿದ ವಸ್ತುವನ್ನು ಸುತ್ತಲೂ ಹಲವು ಕೋನಗಳಿಂದ ಬರುವ ರಾಮನ್ ಬೆಳಕಿನಿಂದ ಪತ್ತೆ ಹಚ್ಚುವ ಕ್ರಮವನ್ನು ೨೦೧೪ರಲ್ಲಿ ಪ್ರಕಟಿಸಿತು. ಬಿಡಿಬಿಡಿಯಾಗಿ ಎಲ್ಲವೂ ಇವೆ. ನಮ್ಮ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಕೂಡಿ ೨೦೨೧ರಲ್ಲಿ ವಿಜಯನಗರವೆಂಬ ಜಿಲ್ಲೆಯಾದುವು, ನಾಮಫಲಕಗಳು ಬದಲಾದುವು. ಕೆನ್ನೆಯ ಚೂರು ಮಾತ್ರ ಈಗಲೂ ಬಸ್ಸು ಹತ್ತಿಯೇ ಹೋಗಬೇಕು. ಎಳೆಯ ಲೇಸರಿನ ಬೆಲೆ ಇಳಿದು, ಅದು ಒಂದು ಪೆಟ್ಟಿಗೆಯಾಗಿ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಕುಳಿತ ದಿನ ಬೇರೆ ಮಾತು.

ಅಲ್ಲಿಯವರೆಗೆ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲಾರದ ಬಿಗಿತ ಇವುಗಳಲ್ಲಿ ಯಾವುದಿದ್ದರೂ ಯಂತ್ರದ ದಾರಿ ನೋಡದೆ ವೈದ್ಯರಿಗೆ ತೋರಿಸತಕ್ಕದ್ದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿರುವುದು.

ಭಾವನವರ ಎರಡನೆಯ ಚೂರಿಗೆ ಮತ್ತೆ ಒಂಬತ್ತು ದಿನ ಹಿಡಿಯಿತು. ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿದ್ದಿತು. ಮಚ್ಚೆಯನ್ನು ಪೂರ್ತಿಯಾಗಿ ತೆಗೆದುಹಾಕಿದರು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವರು. ತಟ್ಟೆಯು ಅಕ್ಕನ ಮನೆಯಲ್ಲಿ ಈಗಲೂ ಇರುವುದು. ಅದರಲ್ಲಿ ಲವಂಗ, ಏಲಕ್ಕಿ, ಸೋಂಪು. ಮೊನ್ನೆ ಹೋದಾಗ ಈ ಎರಡು ಲೇಸರುಗಳ ಸಂಗತಿಯನ್ನೆಲ್ಲ ಜೋಕಾಲಿಯ ದೃಷ್ಟಾಂತದೊಡನೆ ಅವರಿಗೆ ವಿವರಿಸಿದೆನು. ಗಮನವಿಟ್ಟು ಕೇಳಿ, ಒಂದು ಲವಂಗವನ್ನು ಬಾಯಿಗೆ ಹಾಕಿಕೊಂಡು, "ಆತು ಮಾಸ್ತರೆ, ಅದು ಹರಪನಹಳ್ಳಿಗೆ ಬಂದ ದಿನ ಮೊದಲ ಚೀಟಿ ನಂದೇ ಬರೆಸ್ರಿ" ಎಂದರು.